ಸುಡದೆ ಉಳಿದದ್ದು

ಏನೋ ಮಿಂಚಿತು, ಬಟ್ಟೆಯ ಅಂಚಿನಲ್ಲಿ, ಬಿಸಿಲು ಬಿದ್ದ ಕಡೆ, ಕೈ ನಿಲ್ಲಿಸಿ ನೋಡಿದರೆ ಇಲ್ಲ, ಅಲ್ಲಾಡಿಸಿದರೆ ಮತ್ತೆ ಮಿಂಚುತ್ತದೆ, ಬೆರಳು ಹಾಕಿದರೆ ಬೂದಿಯೊಳಗೆ ಹೊಕ್ಕು ಕೂತುಬಿಡುತ್ತದೆ, ಕಳ್ಳ ನನ್ನ ಮಗನೇ — ಗುಟಕಾ ಚೀಟಿಯದೇ ಚೂರು, ಇನ್ನೇನು, ಈ ಮೆಟ್ರಿ ಊರಿನ ಗಂಡಸರ ಹಲ್ಲಿನಿಂದ ಹರಿದು ಬಿದ್ದದ್ದು ದನದ ಹೊಟ್ಟೆಗೆ, ದನದ ಹೊಟ್ಟೆಯಿಂದ ಸಗಣಿಗೆ, ಸಗಣಿಯಿಂದ ನನ್ನ ವಿಭೂತಿಗೆ, ಊರವರು ಉಗಿದದ್ದು ಊರವರ ಹಣೆಗೇ ಬರುತ್ತದೆ, ಅಷ್ಟರಮಟ್ಟಿಗೆ ನ್ಯಾಯವೇ ಅನ್ನಿ. ಇಲ್ಲವೇ ಪಕ್ಕದ ಮನೆ ವಿರುಪಮ್ಮನ ಪುಣ್ಯ, ಅಮಾವಾಸ್ಯೆ ಬಂತೆಂದರೆ ಹೋಳಿಗೆಯನ್ನು ಕವರಿನಲ್ಲಿ ಗಂಟು ಕಟ್ಟಿ ನಮ್ಮ ಆಕಳು ಗೌರಿಯ ಮುಂದೆ ಇಟ್ಟು ಕೈಮುಗಿದು ಹೋಗುತ್ತಾಳೆ, ಗಂಟು ಬಿಚ್ಚಿ ಹಾಕಬೇ ತಾಯಿ ಎಂದರೆ ಯಾಕ, ಅದಕ್ಕ ಬಾಯಿ ಇಲ್ಲೇನು, ತಾನ ಬಿಚ್ಕೋತೈತಿ ಅನ್ನುತ್ತಾಳೆ, ಬಾಯಿ ಇದೆ ವಿರುಪಮ್ಮ, ಕೈ ಇಲ್ಲ, ದೇವರು ನಿನಗೆ ಎರಡೂ ಕೊಟ್ಟು ಬುದ್ಧಿ ಒಂದು ಮರೆತ — ಹೇಳಲಿಲ್ಲ, ಮನಸ್ಸಿನಲ್ಲೇ ಅಂದುಕೊಂಡೆ, ದಿನಾ ಮುಖ ನೋಡುವವರ ಹತ್ತಿರ ಅಷ್ಟೆಲ್ಲ ಹೇಳಲಾಗುವುದಿಲ್ಲ. ಮಾವನ ಹಳೆಯ ಧೋತರವನ್ನು ಬೋಗುಣಿಯ ಬಾಯಿಗೆ ಬಿಗಿದು ಬೂದಿ ಸೋಸುತ್ತ ಕೂತಿದ್ದೇನೆ, ಹಿತ್ತಲಿನಲ್ಲಿ, ಬೇವಿನ ಕೆಳಗೆ, ಮೂಗಿಗೆ ಸೆರಗು ಕಟ್ಟಿಕೊಂಡು, ಅಂಗೈಯಿಂದ ಒರೆಸಿದಷ್ಟೂ ಸಣ್ಣದು ಕೆಳಗೆ ಇಳಿಯುತ್ತದೆ, ದಪ್ಪದ್ದು ಮೇಲೆ ಉಳಿಯುತ್ತದೆ, ಮೇಲೆ ಉಳಿದದ್ದರಲ್ಲೇ ಮಿಂಚುವುದು. ಶೈಲಾ, ಆತೇನು — ಒಳಗಿನಿಂದ ಅತ್ತೆ, ಬೆಳಗಿನಿಂದ ಇದೇ ಒಂದು ಮಾತು, ಆಗಿಲ್ಲ ಅತ್ತಿ, ಆದ ಮ್ಯಾಲ ನಿಮಗ ತೋರಿಸದ ಯಾರಿಗೆ ತೋರಿಸ್ಲಿ. ನಾ ನೋಡಬೇಕು ಅದನ್ನ. ಗೊತ್ತು, ಗೊತ್ತು ಎಂದು ಮತ್ತೊಂದು ಹಿಡಿ ಬೂದಿ ಹಾಕಿಕೊಂಡೆ.

ಬೇರೆ ಮುದುಕಿಯರು ಹೋಗುವ ಮುಂಚೆ ಕಾಶಿ ನೋಡಬೇಕು, ಮೊಮ್ಮಗನ ಮದುವೆ ನೋಡಬೇಕು ಎನ್ನುತ್ತಾರೆ, ನಮ್ಮ ಅತ್ತೆ ಕೊಟ್ರಬಸಮ್ಮನಿಗೆ ತನ್ನ ಗುಣಿಗೆ ಹಾಕುವ ವಿಭೂತಿಯನ್ನೇ ನೋಡಬೇಕು, ಕೈಯಲ್ಲಿ ಹಿಡಿದು, ಮೂಸಿ, ಹೂಂ ಅನ್ನಬೇಕು, ಆಮೇಲೆ ಹೋಗುತ್ತಾಳಂತೆ, ಬಸ್ಸು ಹತ್ತುವವರು ಬುತ್ತಿ ಕಟ್ಟಿದೆಯೋ ಇಲ್ಲವೋ ನೋಡಿಕೊಳ್ಳುವ ಹಾಗೆ. ನಾವು ಅಯ್ಯನವರ ಮನೆ, ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ, ಕೈಯಲ್ಲಿ ಲಿಂಗ, ಸುತ್ತ ವಿಭೂತಿ, ಪತ್ರಿ, ಆಮೇಲೆ ಮಣ್ಣು, ಮೆಟ್ರಿಯಲ್ಲಿ ಮೊದಲಿನಿಂದಲೂ ಕೂಸು ಹುಟ್ಟಿದರೆ ನಮ್ಮ ಮನೆಯಿಂದ ಒಂದು ಉಂಡೆ, ಯಾರಾದರೂ ಹೋದರೆ ಒಂದು ಬುಟ್ಟಿ. ನಾನು ಮದುವೆಯಾಗಿ ಬಂದ ಮರುದಿನ ಅತ್ತೆ ತಟ್ಟೆ ಹಿಡಿದು ನಿಂತಾಗ, ಇನ್ನೂ ಮೈ ತೊಳಕೊಂಡಿಲ್ಲರೀ, ಆಮ್ಯಾಲ ಹಚ್ಕೋತೀನಿ ಅಂದೆ, ಇಬತ್ತಿ ಕೊಟ್ರ ಬ್ಯಾಡ ಅನಬಾರದು, ವೈರಿ ಕೊಟ್ರೂ ಅನಬಾರದು, ಹಣೆ ಚಾಚು ಅಂದಳು, ಚಾಚಿದೆ, ಮೂರು ಬೆರಳು ಎಳೆದು ಒಂದು ಚಿಟಿಕೆ ನಾಲಿಗೆಗೂ ಇಟ್ಟಳು, ಜ್ವರ ಬಂದರೆ, ಹೆದರಿಕೊಂಡರೆ, ಕೆಟ್ಟ ಕನಸು ಬಿದ್ದರೆ ಎಲ್ಲದಕ್ಕೂ ಅದೇ ಚಿಟಿಕೆ, ಬಾಯಿಯಲ್ಲಿ ಆ ಒಣ ರುಚಿ ಈಗಲೂ ಇದೆ. ನನ್ನ ತವರು ಕುರೆಕುಪ್ಪ, ಅಪ್ಪ ಅದಿರಿನ ಲಾರಿ ತುಂಬಿಸುತ್ತಿದ್ದ, ಅಪ್ಪನ ಬಿಳಿ ಅಂಗಿ ಎಷ್ಟು ಒಗೆದರೂ ನಸುಗೆಂಪಾಗಿಯೇ ಒಣಗುತ್ತಿತ್ತು, ಕೆಮ್ಮಿದರೆ ಕರವಸ್ತ್ರವೂ ಅದೇ ಬಣ್ಣ, ಆತ ಹೋದಾಗ ಅಂಗಡಿಯಿಂದ ವಿಭೂತಿ ಪಾಕೀಟು ತರಲು ಯಾರೋ ಸೈಕಲ್ ಹತ್ತಿದ್ದರು, ಅಷ್ಟರಲ್ಲಿ ಅತ್ತೆ ಟೆಂಪೋದಲ್ಲಿ ಬಂದು ಇಳಿದಳು, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಬೀಗನ ಗುಣ್ಯಾಗ ಸುಣ್ಣ ಹಾಕ್ತೀರೇನು ಎಂದು ಎಲ್ಲರನ್ನೂ ಬೈದಳು, ನನ್ನನ್ನು ತಬ್ಬಿಕೊಳ್ಳಲಿಲ್ಲ, ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು, ಹಿಡಕೋ, ಭಾರ ಐತಿ. ಅವತ್ತಿನಿಂದ ಆಕೆ ನನಗೆ ಬರಿಯ ಅತ್ತೆಯಲ್ಲ, ಏನು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಈಗ ಆಕೆಯ ಬುಟ್ಟಿ ತುಂಬಿಸುವ ಸರದಿ ನನ್ನದು, ಅದೂ ಕೊನೆಯ ಸಲ, ಈ ಶಿವರಾತ್ರಿಯ ಸುಡುವಿಕೆಯೇ ಕೊನೆಯದು, ಗೌರಿಗೆ ವಯಸ್ಸಾಯಿತು, ಕರು ಹಾಕುವುದಿಲ್ಲ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮಷೀನು ನೋಡಿಕೊಳ್ಳುವ ನನ್ನ ಗಂಡ ಸಿದ್ದಲಿಂಗೇಶ ಅದನ್ನು ಮಾರಿ ಕೊಟ್ಟಿಗೆಯ ಜಾಗದಲ್ಲಿ ಎರಡು ಗಾಡಿ ನಿಲ್ಲಿಸುವ ಶೆಡ್ಡು ಹಾಕುವವನಿದ್ದಾನೆ, ಒಂದು ಆಕಳಕ್ಕ ಒಬ್ಬಾಕಿ ದಿನಪೂರ್ತಿ ದುಡಿಯೋದು ಯಾವ ಲೆಕ್ಕ ಎಂದ, ಸರಿಯೇ, ನನಗೂ ಸೊಂಟ ಬಿದ್ದುಹೋಗಿದೆ, ನಾನೂ ಹೂಂ ಅಂದೆ, ಅತ್ತೆಯ ಮುಂದೆಯೇ ಅಂದೆ, ಇದ ಕಡೀ ಸುಡೂದು ನೋಡ್ರಿ ಅತ್ತಿ. ಆಕೆ ಎದ್ದು ಹಿತ್ತಲಿಗೆ ಹೋಗಿ ಸಗಣಿ ಉಂಡೆ ಕಟ್ಟುತ್ತ ಕೂತಳು, ದೀಪಾವಳಿಯ ಹೊತ್ತಿಗೆ ಅದು.

ಮತ್ತೆ ಮಿಂಚಿತು. ಈ ಸಲ ಹಿಡಿದೆ, ಉಗುರಿನಷ್ಟು ಅಗಲದ ಬೆಳ್ಳಿ ಹಾಳೆ, ಮುದುಡಿಕೊಂಡಿದೆ, ಒಂದು ಕಡೆ ಕಪ್ಪು, ಗುಟಕಾ ಚೀಟಿ ಇಷ್ಟು ದಪ್ಪ ಇರುವುದಿಲ್ಲವಲ್ಲ, ಇರಲಿ, ಪಕ್ಕಕ್ಕೆ ಚಪ್ಪಡಿಯ ಮೇಲೆ ಇಟ್ಟೆ, ಇನ್ನೊಂದು, ಅದೂ ಪಕ್ಕಕ್ಕೆ. ಮೊದಲಾಗಿದ್ದರೆ ಇಷ್ಟರಲ್ಲಿ ಅತ್ತೆಯೇ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಹಂಗಲ್ಲ ಹಿಂಗ ಎಂದು ಧೋತರ ಕಸಿದುಕೊಳ್ಳುತ್ತಿದ್ದಳು, ಈಗ ಕಾಲು ಬಾತಿವೆ, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ, ಎದ್ದರೆ ತಲೆ ತಿರುಗುತ್ತದೆ, ಹೋದ ವಾರ ಬಚ್ಚಲಿನಲ್ಲಿ ಬಿದ್ದಳು, ಸದ್ದು ಕೇಳಿ ಓಡಿದರೆ ಹಂಡೆಗೆ ಒರಗಿ ಕೂತು, ಬಿದ್ದಿಲ್ಲ, ಕುಂತೀನಿ ಅನ್ನುತ್ತಾಳೆ, ಹಣೆಯಿಂದ ರಕ್ತ ಇಳಿಯುತ್ತಿದೆ, ಕುಂತೀನಿ ಅಂತೆ. ಹೊಸಪೇಟೆಯ ಡಾಕ್ಟರಿಗೆ ಅರ್ಥವೇ ಆಗುತ್ತಿಲ್ಲ, ಸಂಕ್ರಾಂತಿ ಮುಗಿದ ಮೇಲೆ ಹೋದಾಗ ಬಿ.ಪಿ. ಪಟ್ಟಿಯನ್ನು ತೋಳಿಗೆ ಎರಡು ಸಲ ಕಟ್ಟಿ ನೋಡಿದರು, ಮಾತ್ರಿ ತಪ್ಪದ ತೊಗೋತಾರೇನ್ರಿ ಎಂದು ನನ್ನನ್ನು ಕೇಳಿದರು, ತಪ್ಪಿಸೋದೇ ಇಲ್ಲ ಸರ್, ನಾನೇ ತಂದು ಕೊಡ್ತೀನಿ, ಡಬ್ಬಿ ನೋಡ್ತೀನಿ, ಖಾಲಿ ಆಗಿರ್ತೈತಿ ಎಂದೆ, ಎಷ್ಟು ಗಟ್ಟಿಯಾಗಿ ಹೇಳಿದೆ, ಅತ್ತೆ ಪಕ್ಕದಲ್ಲಿ ಕೂತು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದಳು, ಹಂಗಾದ್ರ ಒಂದು ಇದ್ದದ್ದು ಎರಡು ಮಾಡೋಣ, ಹಿಂಗ ಬಿಟ್ರ ಲಕ್ವಾ ಹೊಡಿಬಹುದು, ಕಿಡ್ನಿಗೂ ಕಷ್ಟ ಎಂದರು. ಒಂದು ಎರಡಾಯಿತು, ಬಿ.ಪಿ. ಮಾತ್ರ ಇಳಿಯಲಿಲ್ಲ, ಇಳಿದದ್ದು ಆಕೆಯ ಊಟ. ನನಗೆ ಭಯವಾಗುತ್ತದೆ, ಬೆಳಿಗ್ಗೆ ಏಳುವ ಮುಂಚೆ ಆಕೆಯ ಮಂಚದ ಕಡೆ ಕಿವಿ ಕೊಟ್ಟು ಉಸಿರು ಕೇಳಿಸಿಕೊಂಡೇ ಕಣ್ಣು ಬಿಡುತ್ತೇನೆ, ಹೇಳಿದರೆ ನಗುತ್ತಾಳೆ, ಅದಕ್ಕೆ ಹೇಳುವುದಿಲ್ಲ.

ವಿಭೂತಿ ಬೆಳ್ಳಗಾಗಬೇಕು, ಅದೊಂದೇ ಸದ್ಯ ನನ್ನ ಕೈಯಲ್ಲಿರುವುದು, ಈ ಚೂರುಗಳಿದ್ದರೆ ಮುದುಕಿ ಹೂಂ ಅನ್ನುವುದಿಲ್ಲ. ನನ್ನ ತಮ್ಮ ಹಂಪೇಶ ಇದಕ್ಕೂ ಒಂದು ದಾರಿ ಹೇಳಿದ್ದ, ಆತ ಹಂಪಿಯಲ್ಲಿ ಗೈಡು, ನಿಂಬಾಪುರದ ಹತ್ತಿರ ಒಂದು ಬೂದಿ ದಿಬ್ಬ ಇದೆಯಲ್ಲ, ಅದು ವಾಲಿಯನ್ನು ಸುಟ್ಟ ಜಾಗ, ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದು, ಅದನ್ನೇ ಪ್ರವಾಸಿಗಳಿಗೆ ಹೇಳಿ ಫೋಟೋ ತೆಗೆಸುತ್ತಿದ್ದ, ಒಂದು ದಿನ ಯಾರೋ ಪ್ರೊಫೆಸರು ಬಂದು ವಾಲಿ ಅಲ್ಲಪ್ಪ, ಸಗಣಿ, ನಾಲ್ಕು ಸಾವಿರ ವರ್ಷದ ಕೆಳಗೆ ದನ ಕಾಯುವವರು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು, ಕುಡತಿನಿ ಕಡೆ ಇರುವ ದಿಬ್ಬವೂ ಅದೇ ಎಂದರಂತೆ. ಮುಂದ ಏನ್ ಹೇಳ್ತೀಯೋ ಮಂದಿಗೆ ಎಂದು ಕೇಳಿದರೆ, ವಾಲಿ ಅಂದ್ರ ಫೋಟೋ ತಗೀತಾರಕ್ಕ, ಸಗಣಿ ಅಂದ್ರ ಮೂಗು ಮುಚ್ಕೋತಾರ ಎಂದ, ಅವನ ಹೊಟ್ಟೆಪಾಡು ಅವನದು. ಆದರೆ ನಾನು ಆ ರಾತ್ರಿ ಸುಮಾರು ಹೊತ್ತು ಅದನ್ನೇ ಯೋಚಿಸಿದೆ, ಅವರ ಮನೆ ಉಳಿದಿಲ್ಲ, ಭಾಷೆ ಉಳಿದಿಲ್ಲ, ದೇವರು ಯಾರೆಂದು ಗೊತ್ತಿಲ್ಲ, ಹೆಂಗಸರ ಹೆಸರು ಒಂದೂ ಇಲ್ಲ, ಸಗಣಿ ಬೂದಿ ಉಳಿದಿದೆ, ಅದೂ ನಾನು ಮಾಡುವ ಕೆಲಸವೇ, ಅವರೂ ಮೂಗಿಗೆ ಏನಾದರೂ ಕಟ್ಟಿಕೊಂಡೇ ಮಾಡಿರುತ್ತಾರೆ, ಹೊಗೆ ಎಲ್ಲ ಕಾಲದಲ್ಲೂ ಹೊಗೆಯೇ. ದಿಬ್ಬದ ಬುಡದಲ್ಲಿ ಉದುರಿ ಬಿದ್ದಿತ್ತು ಎಂದು ಒಂದು ಗಡ್ಡೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದ, ತಗೋ ಅಕ್ಕ, ಇದನ್ನ ಕುಟ್ಟಿ ನಿಮ್ಮತ್ತಿಗೆ ಇಬತ್ತಿ ಮಾಡು, ಇದರಾಗ ಒಂದು ಪ್ಲಾಸ್ಟಿಕ್ ಇಲ್ಲ, ಗ್ಯಾರಂಟಿ. ಸರ್ಕಾರದ್ದು ಅದು, ತಂದಿಯಲ್ಲೋ, ಒಯ್ದು ಅಲ್ಲೇ ಇಟ್ಟು ಬಾ ಎಂದು ಬೈದೆ, ನಕ್ಕು ಕಿಟಕಿಯಲ್ಲಿ ಇಟ್ಟು ಹೋದ, ಇನ್ನೂ ಅಲ್ಲೇ ಇದೆ, ಎತ್ತಿದರೆ ಹಗುರ, ಬೆಂಕಿಗೆ ಕರಗಿ ಗಟ್ಟಿಯಾದ ತೂತು ತೂತಿನ ಗಡ್ಡೆ, ಬೂದಿ ಎಂದರೆ ನಂಬಬೇಕು. ನಾವು ಏನು ಬಿಟ್ಟು ಹೋಗುತ್ತೇವೋ, ವಿರುಪಮ್ಮನ ಕವರು, ಇನ್ನೇನು, ಸಂಡೂರಿನ ಗುಡ್ಡ ಬಿಟ್ಟು ಹೋಗುತ್ತೇವೆ ಎನ್ನಲೂ ಆಗುವುದಿಲ್ಲ, ಅಪ್ಪ ಮತ್ತು ಅಪ್ಪನಂಥವರು ಸೇರಿ ಅದನ್ನು ಲಾರಿಗೆ ತುಂಬಿಸಿ ಕಳಿಸಿದರು, ಅರ್ಧ ಗುಡ್ಡ ಚೀನಾದಲ್ಲಿ ಕಟ್ಟಡವಾಗಿ ನಿಂತಿದೆಯಂತೆ, ಇಲ್ಲಿ ಮೆಟ್ಟಿಲು ಕಡಿದ ತಗ್ಗು ಉಳಿದಿದೆ, ಅದು ಮುಚ್ಚುವುದಿಲ್ಲ, ನಾಲ್ಕು ಸಾವಿರ ವರ್ಷವಾದರೂ ಮುಚ್ಚುವುದಿಲ್ಲ, ಆಗ ಬಂದವರು ಯಾವ ರಾಕ್ಷಸ ಏರಿದ ಮೆಟ್ಟಿಲು ಎಂದು ಕಥೆ ಕಟ್ಟಿಕೊಳ್ಳಲಿ, ಹಂಪೇಶನಂಥ ಗೈಡು ಆಗಲೂ ಒಬ್ಬ ಇರುತ್ತಾನೆ. ಚಂದ್ರನ ಮೇಲೂ ನಮ್ಮ ಗಾಡಿ ಇಳಿಯಿತು, ಟಿ.ವಿ.ಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು, ಅಲ್ಲಿ ಗಾಳಿ ಇಲ್ಲ, ಮಳೆ ಇಲ್ಲ, ಗಾಲಿಯ ಗುರುತು ಯಾವತ್ತೂ ಅಳಿಯುವುದಿಲ್ಲ ಎಂದು ಟಿ.ವಿ.ಯವನು ಹೆಮ್ಮೆಯಿಂದ ಹೇಳಿದ, ಅತ್ತೆ ಹುರಿಗಡಲೆ ಅಗಿಯುತ್ತ, ಹಂಗಾದ್ರ ಅಲ್ಲಿ ಕಸ ಹೊಡಿಯೋರು ಯಾರು ಎಂದಳು.

ಇದು ಬೇರೆ ಥರ ಇದೆಯಲ್ಲ. ಕೈಗೆ ಸಿಕ್ಕದ್ದು ಚೂರಲ್ಲ, ಚೌಕ, ನಾಲ್ಕೂ ಅಂಚು ಮುಚ್ಚಿದೆ, ನಡುವೆ ಗುಂಡಿಯ ಹಾಗೆ ಉಬ್ಬಿದ ಗುಬ್ಬಿ, ಒತ್ತಿದರೆ ಒಳಗೆ ಏನೋ ಪುಡಿಯಾಯಿತು, ಉಗುರಿನಿಂದ ಬಿಡಿಸಿದರೆ ಕರಿ ಬಿಳಿ ಬೆರೆತ ಹಿಟ್ಟು, ಶಾಂಪೂ ಅಲ್ಲ, ಗುಟಕಾ ಅಲ್ಲ — ಚಪ್ಪಡಿಯ ಮೇಲೆ ಇಟ್ಟಿದ್ದ ಮೊದಲಿನವನ್ನೂ ಮುದುಡು ಬಿಡಿಸಿ ನೋಡಿದೆ, ಅವೂ ಚೌಕ, ಕತ್ತರಿಯಿಂದ ಕತ್ತರಿಸಿದಂಥ ನೇರ ಅಂಚು, ದನದ ಹಲ್ಲಿಗೆ ಇಷ್ಟು ನೇರ ಕತ್ತರಿಸಲು ಬರುವುದಿಲ್ಲ, ವಿರುಪಮ್ಮ, ನಿನ್ನನ್ನು ಸುಮ್ಮನೆ ಬೈದೆ. ಸೋಸುವುದು ಬಿಟ್ಟು ಸುಟ್ಟ ರಾಶಿಗೇ ಹೋಗಿ ಕೈ ಹಾಕಿದೆ, ತಳದಲ್ಲಿ ಇನ್ನೂ ಬೆಚ್ಚಗಿದೆ, ಪೂರ್ತಿ ಒಡೆಯದ ಉಂಡೆಗಳಿವೆ, ಒಂದನ್ನು ಹಿಚುಕಿದೆ, ಬರಿ ಬೂದಿ, ಇನ್ನೊಂದು, ಬೂದಿ, ಇನ್ನೊಂದರ ನಡುವೆ, ಹಲಸಿನ ತೊಳೆಯೊಳಗೆ ಬೀಜ ಇರುವ ಹಾಗೆ, ಸರಿಯಾಗಿ ನಟ್ಟನಡುವೆ, ಬೆಳ್ಳಿ ಚೌಕ. ಮುಂದಿನದರಲ್ಲೂ. ಒಂದು ದೊಡ್ಡ ಉಂಡೆಯಲ್ಲಿ ಪೂರಾ ಪಟ್ಟಿ, ಮಡಚಿ ಇಟ್ಟದ್ದು, ಬಿಡಿಸಿದರೆ ಸಾಲಾಗಿ ಗುಬ್ಬಿಗಳು, ಅಕ್ಷರ ಸುಟ್ಟುಹೋಗಿದೆ, ಅಂಚಿನಲ್ಲಿ ಎಳೆದ ಕೆಂಪು ಗೆರೆಯ ಕಲೆ ಮಾತ್ರ ಉಳಿದಿದೆ, ಆ ಕೆಂಪು ಗೆರೆ ನನಗೆ ಗೊತ್ತು, ಪ್ರತಿ ತಿಂಗಳು ಕಂಪ್ಲಿಯ ಔಷಧಿ ಅಂಗಡಿಯಲ್ಲಿ ಇದೇ ಕೆಂಪು ಗೆರೆ ತೋರಿಸಿ ಅತ್ತೆಯ ಮಾತ್ರೆ ಕೇಳಿ ತರುವವಳು ನಾನು. ಒಂದು ಗುಬ್ಬಿಯೂ ಒಡೆದಿಲ್ಲ. ಒಂದೂ. ಬಿಸಿಲಿಗೆ ಹಿಡಿದೆ, ತಿರುಗಿಸಿದೆ, ಒಂದೂ ಒಡೆದಿಲ್ಲ.

ನಾನ ಕಟ್ತೀನಿ ಉಂಡಿ, ನೀ ಒಳಗ ನೋಡು ಎಂದು ದೀಪಾವಳಿಯಿಂದ ಹಟ ಹಿಡಿದದ್ದು ಇದಕ್ಕೆ. ಚಳಿಯಲ್ಲಿ ಬ್ಯಾಡ ಅತ್ತಿ, ಕಾಲು ಬಾತಾವ ಬ್ಯಾಡ ಅತ್ತಿ ಎಂದು ನಾನು, ಕೈ ಬಾತಿಲ್ಲಲ್ಲ ಎಂದು ಆಕೆ, ಬೆಳಗಿನ ಚಹಾ ಕುಡಿದು ಡಬ್ಬಿಯಿಂದ ಹಾಳೆ ಸಮೇತ ಮಾತ್ರೆ ಕತ್ತರಿಸಿಕೊಳ್ಳುವುದನ್ನು ನೋಡಿದ್ದೇನೆ, ಮುಷ್ಟಿಯಲ್ಲಿ ಹಿಡಿದು ಹಿತ್ತಲಿಗೆ ನಡೆಯುವುದನ್ನೂ ನೋಡಿದ್ದೇನೆ, ನೀರಿನ ತಂಬಿಗೆ ಹಿತ್ತಲಲ್ಲೇ ಇದೆ, ಅಲ್ಲೇ ನುಂಗುತ್ತಾಳೆ ಅಂದುಕೊಂಡೆ, ದೊಡ್ಡವರಿಗೆ ಬಾಯಿ ತೆರೆದು ತೋರಿಸಿ ಎನ್ನಲಾಗುತ್ತದೆಯೇ. ಕಸದಲ್ಲಿ ಎಸೆದರೆ ನಾನು ನೋಡುತ್ತೇನೆ, ತಿಪ್ಪೆಗೆ ಹಾಕಿದರೆ ಕೋಳಿ ಕೆದರುತ್ತದೆ, ಸಗಣಿಯೊಳಗೆ ಇಟ್ಟು ಸುಟ್ಟರೆ ಬೂದಿ, ಬೂದಿಯಾದ ಮೇಲೆ ಯಾರು ಏನನ್ನು ಗುರುತು ಹಿಡಿಯುತ್ತಾರೆ — ಬೆಂಕಿ ಎಲ್ಲವನ್ನೂ ಒಂದೇ ಮಾಡುತ್ತದೆ ಎಂದು ನಂಬಿದವಳು, ಜೀವನವೆಲ್ಲ ಅದನ್ನೇ ನೋಡಿದವಳು, ಈ ಹಾಳೆ ಸುಡುವುದಿಲ್ಲ ಎಂದು ಆಕೆಗೆ ಯಾರು ಹೇಳಬೇಕಿತ್ತು. ಬಚ್ಚಲಿನಲ್ಲಿ ಬಿದ್ದದ್ದು, ಹಣೆಯ ರಕ್ತ, ಡಾಕ್ಟರ ಎದುರು ಕ್ಯಾಲೆಂಡರ್ ನೋಡಿದ್ದು, ಒಂದು ಎರಡಾದದ್ದು, ಎರಡನ್ನೂ ತಂದು ತಂದು ಕೊಟ್ಟೆನಲ್ಲ ನಾನು, ಆಕೆಯ ಕೈಗೇ, ನಗುತ್ತ. ಸಿಟ್ಟು ಬರುತ್ತಿದೆ, ಅಳುವೂ, ಯಾವುದು ಮೊದಲು ಎಂದು ತಿಳಿಯುತ್ತಿಲ್ಲ, ಕೈಯೆಲ್ಲ ಬೂದಿ, ಕಣ್ಣು ಒರೆಸಿಕೊಳ್ಳಲೂ ಆಗುವುದಿಲ್ಲ. ಇದನ್ನು ನಾನು ನೋಡದೆ ಉಂಡೆ ಕಟ್ಟಿದ್ದರೆ, ಗುಣಿಗೆ ಹಾಕಿದ್ದರೆ, ಮೈ ಮಣ್ಣಾಗಿ ಹೋಗಿ ಲಿಂಗ ಉಳಿಯುತ್ತಿತ್ತು, ಇವು ಉಳಿಯುತ್ತಿದ್ದವು, ಎಷ್ಟೋ ಸಾವಿರ ವರ್ಷ ಬಿಟ್ಟು ಯಾವನೋ ಪ್ರೊಫೆಸರು ಅಗೆದು, ಈ ಕಾಲದ ಹೆಂಗಸರು ಸತ್ತವರ ಜೊತೆ ಔಷಧಿ ಕಳಿಸುತ್ತಿದ್ದರು, ಎಷ್ಟು ಪ್ರೀತಿ ನೋಡಿ ಎಂದು ಬರೆದುಬಿಡುತ್ತಿದ್ದ. ಶೈಲಾ, ಆತೇನು. ಆತು ಅತ್ತಿ, ಬಂದೆ. ಪಟ್ಟಿಯನ್ನು ಒಂದು ಕೈಯಲ್ಲಿ, ಸೋಸಿದ ಬೂದಿಯ ಬಟ್ಟಲನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದೆ.

ಮಂಚದ ಮೇಲೆ ಕೂತಿದ್ದಾಳೆ, ಕಾಲು ಇಳಿಬಿಟ್ಟು, ಹಣೆಯ ಗಾಯದ ಬ್ಯಾಂಡೇಜಿನ ಮೇಲೇ ಮೂರು ಬೆರಳು ವಿಭೂತಿ ಎಳೆದುಕೊಂಡಿದ್ದಾಳೆ, ಬಟ್ಟಲು ಕಂಡು ಕೈ ಚಾಚಿದಳು, ನಾನು ಬಟ್ಟಲು ಕೊಡಲಿಲ್ಲ, ಪಟ್ಟಿ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಸುಮಾರು ಹೊತ್ತು ನೋಡಿದಳು, ಹಿಂದೆ ಮುಂದೆ, ನೆಪ ಹುಡುಕುತ್ತಾಳೆ ಅಂದುಕೊಂಡೆ, ಇಲ್ಲ, ಆಕೆಗೆ ಆಶ್ಚರ್ಯವಾದದ್ದು ಬೇರೆಯೇ, ಸುಡಲಿಲ್ಲೇನು ಇದು, ಅಂದಳು. ಯಾಕ ಹಿಂಗ ಮಾಡಿದ್ರಿ ಅತ್ತಿ. ಪಟ್ಟಿಯನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ಸೀರೆಯ ನಿರಿಗೆ ಸರಿಮಾಡುವ ಹಾಗೆ ಸವರಿದಳು, ದನಿ ಏರಿಸಲಿಲ್ಲ, ಅಡುಗೆಗೆ ಎಷ್ಟು ಉಪ್ಪು ಎಂದು ಹೇಳುವ ಹಾಗೆ ಹೇಳಿದಳು — ಗೌರಿನ ಸಿದ್ದ ಮಾರ್ತಾನ, ಇದ ಕಡೀ ಸುಡೂದು ಅಂತ ನೀನ ಅಂದಿ, ಮಾತ್ರಿ ತಿಂದ್ರ ನಾ ಇನ್ನ ಹತ್ತು ವರ್ಷ ಇರ್ತೀನಿ, ಆವಾಗ ನನ್ನ ಗುಣ್ಯಾಗ ಏನ್ ಹಾಕ್ತೀರಿ, ಅಂಗಡಿ ಸುಣ್ಣಾನ? ಇಬತ್ತಿ ಇದ್ದಾಗ ಹೋಗಬೇಕವಾ, ಬುತ್ತಿ ಆರೋದರಾಗ ಹೊಂಟ್ರ ಛಲೋ. ಕಿಟಕಿಯಲ್ಲಿ ಆ ಗಡ್ಡೆ ಕಂಡಿತು, ಹೋಗಿ ತಂದು ಆಕೆಯ ಅಂಗೈಯಲ್ಲಿ ಇಟ್ಟೆ, ಇದು ಏನ್ ಗೊತ್ತೇನ್ರಿ, ಹಂಪೇಶ ತಂದದ್ದು, ಇದೂ ಆಕಳ ಸಗಣಿ ಬೂದಿನ, ನಾಲ್ಕು ಸಾವಿರ ವರ್ಷದ್ದು, ಕೆಟ್ಟೈತೇನು ನೋಡ್ರಿ, ಬೂದಿ ಕೆಡೂದಿಲ್ಲ ಅತ್ತಿ, ನಿಮ್ಮ ಉಂಡಿ ಕಟ್ಟಿ ಅಟ್ಟದ ಮ್ಯಾಲ ಇಡ್ತೀನಿ, ಹತ್ತು ವರ್ಷ ಅಲ್ಲ, ಇಪ್ಪತ್ತು ವರ್ಷ ಇರ್ಲಿ, ಆರೋ ಬುತ್ತಿ ಅಲ್ಲ ಇದು. ಇಷ್ಟು ಒಳ್ಳೆಯ ಮಾತು ನನಗೆ ಹೊಳೆದದ್ದಕ್ಕೆ ನನಗೇ ಧೈರ್ಯ ಬಂತು, ಹಂಪೇಶನನ್ನು ಇನ್ನು ಬೈಯಬಾರದು, ಗಡ್ಡೆಯನ್ನು ಮರಳಿ ಅಲ್ಲೇ ಇಟ್ಟು ಬರಲು ಹೇಳಬೇಕು ಅಷ್ಟೆ.

ಅತ್ತೆ ಗಡ್ಡೆಯನ್ನು ಮೂಸಿದಳು, ಉಗುರಿನಿಂದ ಕೆರೆದಳು, ಕೆರೆದದ್ದನ್ನು ಬೆರಳ ನಡುವೆ ತಿಕ್ಕಿ ನೋಡಿದಳು, ತನ್ನದೇ ಕಸುಬಿನವರು ಮಾಡಿದ್ದನ್ನು ನೋಡುವ ಹಾಗೆ, ತಪ್ಪು ಹುಡುಕುತ್ತ. ಬೂದಿ ಉಳದೈತಿ, ಖರೆ, ಅಂದಳು, ಸುಟ್ಟೋರು ಎಲ್ಲಿ ಅದಾರ, ಇದನ್ನ ಹಣಿಗೆ ಹಚ್ಚೋರು ಒಬ್ಬರರ ಉಳದ್ರೇನು, ನಿನ್ನ ತಮ್ಮ ಕರ್ಚೀಫಿನ್ಯಾಗ ಕಟ್ಕೊಂಡು ಬಂದ, ನೀ ಕಿಟಕ್ಯಾಗ ಇಟ್ಟಿ, ಕೆಡಲಿಲ್ಲ ಅಂದ್ರ ಆತೇನು. ಆ ಪ್ರೊಫೆಸರಿಗೂ ಇದು ಹೊಳೆದಿರಲಿಕ್ಕಿಲ್ಲ, ನನಗಂತೂ ಹೊಳೆದಿರಲಿಲ್ಲ, ಉಳಿಯುವುದು ಎಂದರೆ ವಸ್ತು ಎಂದೇ ನಾನು ತಿಳಿದಿದ್ದೆ, ಚಂದ್ರನ ಮೇಲಿನ ಗಾಲಿ ಗುರುತು, ಸಂಡೂರಿನ ತಗ್ಗು, ಕವರು, ಬೆಳ್ಳಿ ಹಾಳೆ, ಅವು ಉಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ, ಬೇಡವೆಂದರೂ ಉಳಿಯುತ್ತವೆ, ಆಕೆ ಕೇಳುತ್ತಿರುವುದು ಅದಲ್ಲ, ಬುಟ್ಟಿ ಹಿಡಿಯುವ ಕೈ ಇರುತ್ತದೆಯೇ ಎಂದು, ಭಾರ ಐತಿ ಹಿಡಕೋ ಎನ್ನಲು ಒಬ್ಬರು, ಹಿಡಿಯಲು ಒಬ್ಬರು. ನಾ ಇರ್ತೀನಿ ಅತ್ತಿ, ಅಂದೆ, ನಾನ ಹಾಕ್ತೀನಿ, ನಾನ ಹಚ್ತೀನಿ. ಆಕೆ ತಲೆ ಆಡಿಸಿದಳು, ಹೂಂ ಎಂದೋ ಉಹೂಂ ಎಂದೋ, ಮಾತ್ರಿ ಅಲ್ಲಿ ಇಡು, ಆಮ್ಯಾಲ ತಿಂತೀನಿ, ಹಿತ್ತಲಿನ ಮುಷ್ಟಿಯ ದನಿ ಅದು, ಈಗ ಗುರುತು ಸಿಗುತ್ತದೆ ನನಗೆ. ಡಬ್ಬಿ ತೆಗೆದೆ, ಹೊಸ ಪಟ್ಟಿ, ಕೆಂಪು ಗೆರೆ, ಒಂದು ಗುಬ್ಬಿಯನ್ನು ನನ್ನ ಹೆಬ್ಬೆರಳಿನಿಂದಲೇ ಒಡೆದೆ, ಪಟ್ಟೆಂದಿತು, ಬೆಳ್ಳನೆ ಮಾತ್ರೆ ಅಂಗೈಗೆ ಬಿತ್ತು, ಯಾಕೆ ಹಾಗೆ ಮಾಡಿದೆನೋ, ಬಟ್ಟಲಿನ ಬೂದಿಯಲ್ಲಿ ಅದನ್ನು ಹೊರಳಿಸಿದೆ, ಈ ಕಡೆ, ಆ ಕಡೆ, ಬಣ್ಣವೇ ಕಾಣದಷ್ಟು ಹತ್ತಿತು, ಒಂದು ಚಿಟಿಕೆ ಬೂದಿಯ ಸಮೇತ ಮೂರು ಬೆರಳಿನಲ್ಲಿ ಹಿಡಿದು ಆಕೆಯ ಬಾಯಿಯ ಮುಂದೆ ಚಾಚಿದೆ. ಇಬತ್ತಿ ತಗೋರಿ ಅತ್ತಿ.

ಆಕೆಗೆ ತಕ್ಷಣ ತಿಳಿಯಿತು, ನನ್ನ ಬೆರಳು ನೋಡಿದಳು, ನನ್ನ ಮುಖ ನೋಡಿದಳು, ಕಣ್ಣಿನ ಸುತ್ತ ಸುಕ್ಕು ಆಡಿತು, ಭಾಳ ಶಾಣ್ಯಾಕಿ ಆಗೀದಿ ನೀ, ಅಂದಳು. ವೈರಿ ಕೊಟ್ರೂ ಬ್ಯಾಡ ಅನಬಾರದು ಅಂತ ಯಾರ್ ಹೇಳಿದ್ರು, ಅಂದೆ ನಾನು. ಕೈ ಚಾಚಿದಳು, ಕೈಗೆ ಕೊಡಲಿಲ್ಲ, ಆ ಮುಷ್ಟಿಗೆ ಇನ್ನು ಕೊಡುವುದಿಲ್ಲ, ಅವತ್ತು ನನ್ನ ನಾಲಿಗೆಗೆ ಇಟ್ಟವಳಲ್ಲವೇ, ಹಾಗೇ ಹಿಡಿದು ನಿಂತೆ, ತೋಳು ನೋಯತೊಡಗಿತು, ಹೊರಗೆ ಗೌರಿ ಒಮ್ಮೆ ಕೂಗಿತು, ನೀರಿಗೆ ಇರಬೇಕು, ಹೋಗಬೇಕು, ಹೋಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿ ಬಾಯಿ ತೆರೆದಳು, ಚಿಕ್ಕ ಹುಡುಗಿಯ ಹಾಗೆ, ನಾಲಿಗೆಯ ಮೇಲೆ ಇಟ್ಟೆ, ಬೂದಿ, ಮಾತ್ರೆ, ನನ್ನ ಬೆರಳ ತುದಿಗೆ ಆಕೆಯ ಬಿಸಿ ಉಸಿರು ತಾಗಿತು, ಬಾಯಿ ಮುಚ್ಚಿತು. ಮಂಚದ ಪಕ್ಕದ ನೀರಿನ ಲೋಟ ಎತ್ತಿ ಕೊಟ್ಟೆ, ತೆಗೆದುಕೊಳ್ಳಲಿಲ್ಲ. ತುಟಿಯ ಅಂಚಿನಲ್ಲಿ ಬೂದಿಯ ಗೆರೆ, ಕೆನ್ನೆಯ ಒಳಗೆ ಒಂದು ಸಣ್ಣ ಗುಬ್ಬಿ ಎದ್ದಿದೆ, ಎಡಗಡೆ, ಅದು ಕರಗುತ್ತದೋ ಕೆಳಗೆ ಇಳಿಯುತ್ತದೋ, ನಾನು ಆಚೆ ಹೋಗುವುದನ್ನೇ ಕಾಯುತ್ತದೋ, ಕಣ್ಣು ಇನ್ನೂ ಮುಚ್ಚಿವೆ, ಮೊಣಕಾಲಿನ ಮೇಲೆ ಆ ಸುಟ್ಟ ಪಟ್ಟಿ ಹಾಗೇ ಇದೆ, ಸಾಲಿಗೆ ಸಾಲು, ಒಂದೂ ಒಡೆದಿಲ್ಲ, ನುಂಗ್ರಿ ಅತ್ತಿ, ಗೌರಿ ಮತ್ತೆ ಕೂಗಿತು, ನಾನು ಕದಲುವುದಿಲ್ಲ, ಆಕೆಯ ಗಂಟಲನ್ನೇ ನೋಡುತ್ತಿದ್ದೇನೆ, ಸುಕ್ಕುಗಟ್ಟಿದ ಗಂಟಲು, ಇನ್ನೂ ಅಲುಗಿಲ್ಲ, ಕೆನ್ನೆಯಲ್ಲಿ ಗುಬ್ಬಿ, ಮುಚ್ಚಿದ ಬಾಯಿ, ಒಳಗೆ ಮಾತ್ರೆ.